ಬಾಗಿಲ ಕೋಣೆಯ ಚೀಟಿ

ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ನಾಲ್ವರು ಹುಡುಗಿಯರು ಹೋದ ತಿಂಗಳು ನನ್ನನ್ನು ನೋಡಲು ಬೆಟಗೇರಿಗೆ ಬಂದಿದ್ದರು. ಜನ್ಮವಿಡೀ ಸೇವೆ ಮಾಡಿದ ನರ್ಸು ನಾಲ್ಕು ಒಳ್ಳೆಯ ಮಾತು ಹೇಳಿಯಾಳು ಎಂದು ಪೆನ್ನು ಹಿಡಿದು ಕೂತರು. ನನಗೆ ನೆನಪಿಗೆ ಬಂದದ್ದು ಒಂದು ಕೋಣೆ, ಒಂದು ಮೆಟ್ಟಿಲು, ಇಬ್ಬರು ಮುದುಕಿಯರ ಜಗಳ. ಇದನ್ನು ಹೇಳಿದರೆ ಬರೆದುಕೊಳ್ಳಲು ಏನಿದೆ ಎಂದು ಚಹಾ ಕೊಟ್ಟು ಕಳಿಸಿಬಿಟ್ಟೆ. ಆಮೇಲೆ ಮನಸ್ಸು ಕುಟುಕತೊಡಗಿತು. ನನ್ನ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಎಲ್ಲವೂ ಕಚೇರಿಯ ಕಡತದಲ್ಲಿವೆ. ಕಡತದಲ್ಲಿ ಇಲ್ಲದ್ದನ್ನು ಆ ಹುಡುಗಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕ್ರೈಸ್ತ ಸೇವಾ ಸಂಸ್ಥೆ. ರೋಗ ಇರುವಲ್ಲಿಗೆ, ಜಗಳ ಇರುವಲ್ಲಿಗೆ ನರ್ಸುಗಳನ್ನೂ ಮಾಸ್ತರರನ್ನೂ ಕಳಿಸುವುದು ಅದರ ಕೆಲಸ. ಗಾಯ ಕಟ್ಟುವುದರ ಜೊತೆಗೆ ಜಗಳ ಬಿಡಿಸುವುದನ್ನೂ ನಮಗೆ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ನನ್ನ ಜೊತೆ ತರಬೇತಿ ಮುಗಿಸಿದವರಲ್ಲಿ ಒಬ್ಬಳಿಗೆ ಗಡಿಯ ನಿರಾಶ್ರಿತರ ಶಿಬಿರ ಸಿಕ್ಕಿತು, ಇನ್ನೊಬ್ಬಳಿಗೆ ಹೆಸರೇ ಕೇಳದ ಯಾವುದೋ ದ್ವೀಪ. ನನಗೆ ಕಾಶಿ ಬಂತು. ಅಲ್ಲಿಯ ಬಂಗಾಲಿ ಟೋಲಾ ಎಂಬ ಕೇರಿಯ ಛತ್ರಗಳಲ್ಲಿ ಕನ್ನಡದ ಮುದುಕಿಯರು ಸಾಯಲೆಂದು ಬಂದು ನೆಲೆಸಿದ್ದರು. ನೋವು ಹೇಳಿಕೊಳ್ಳಲು ಹಿಂದಿಯಲ್ಲಿ ಅವರಿಗೆ ಬರುತ್ತಿದ್ದದ್ದು 'ದರ್ದ್' ಎಂಬ ಒಂದೇ ಮಾತು. ಉರಿ, ಸೆಳೆತ, ಚಳಕು, ಜೋಮು ಎಲ್ಲವೂ ಅದರಲ್ಲೇ ಮುಗಿಯುತ್ತಿದ್ದವು. ಅದಕ್ಕೆ ಕನ್ನಡದ ನರ್ಸು ಬೇಕಾಗಿತ್ತು.

ಅಪ್ಪ ಮಗ್ಗದಿಂದ ಏಳಲೂ ಇಲ್ಲ. "ಎಲ್ಲಾರೂ ಸಾಯಾಕ ಹೋಗೋ ಊರಿಗೆ ನೀ ನೌಕರಿಗೆ ಹೊಂಟಿಯಲ್ಲಬೇ ಎಸ್ತೇರಾ. ಅಲ್ಲಿ ನೀ ಯಾರನ್ನ ಉಳಸ್ತಿ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ರೈಲು ಹತ್ತಿದೆ. ಸೋನಾರ್‌ಪುರದ ರಸ್ತೆಯಲ್ಲಿ ನಮ್ಮ ದವಾಖಾನೆ. ಎರಡು ಕೋಣೆ, ಒಂದು ಪ್ರೈಮಸ್ ಸ್ಟೋವು, ಗಾಜಿನ ಸಿರಿಂಜು ಕುದಿಸುವ ಒಂದು ಪಾತ್ರೆ. ವಾರಕ್ಕೆ ಎರಡು ದಿನ ಘೋಷಾಲ್ ಎಂಬ ಬಂಗಾಲಿ ಡಾಕ್ಟರು ಬರುತ್ತಿದ್ದರು. ಒಳ್ಳೆಯ ಮನುಷ್ಯ. ನಾನು ಏನು ಬರೆದಿಟ್ಟರೂ ಕೆಳಗೆ ಸಹಿ ಹಾಕಿ ಮೀನಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಪಕ್ಕದ ಪಾನ್ ಅಂಗಡಿಯವನು ಮೊದಲ ವಾರವೇ ಊರಿನ ಗಾದೆಯೊಂದನ್ನು ಕಲಿಸಿದ: ವಿಧವೆ, ಗೂಳಿ, ಮೆಟ್ಟಿಲು, ಸನ್ಯಾಸಿ, ಈ ನಾಲ್ಕರಿಂದ ಪಾರಾದವನು ಕಾಶಿಯಲ್ಲಿ ಸುಖವಾಗಿರುತ್ತಾನೆ. ಮೊದಲ ಮೂರೂ ನನಗೆ ಗಂಟುಬಿದ್ದವು. ಸನ್ಯಾಸಿಯ ಜಾಗಕ್ಕೆ ನಮ್ಮ ಸಾಹೇಬರು ಬಂದರು. ಅವರ ವಿಷಯ ಆಮೇಲೆ.

ನನ್ನ ಮೊದಲ ತಪ್ಪು ಒಬ್ಬರನ್ನು ಗುಣಪಡಿಸಿದ್ದು. ಧಾರವಾಡ ಕಡೆಯ ತುಂಗಕ್ಕ ಎಂಬುವರಿಗೆ ನ್ಯುಮೋನಿಯಾ ಆಗಿತ್ತು. ಹತ್ತು ದಿನ ಬಿಡದೆ ಛತ್ರಕ್ಕೆ ಹೋಗಿ ಪೆನಿಸಿಲಿನ್ ಚುಚ್ಚಿದೆ. ಹನ್ನೊಂದನೆಯ ದಿನ ಅವರೇ ಎದ್ದು ದವಾಖಾನೆಗೆ ನಡೆದು ಬಂದರು. ಹರಸಲು ಬಂದಿದ್ದಾರೆ ಎಂದುಕೊಂಡು ತಲೆ ಬಗ್ಗಿಸಿದೆ.

"ನಂಗ ಗುಣಾ ಮಾಡ್ಲಿಕ್ಕೆ ಯಾರು ಹೇಳಿದ್ರು ನಿಂಗ?" ಎಂದರು. "ಹನ್ನೊಂದು ವರ್ಷ ಆತು ಬಂದು. ಎರಡು ವರ್ಷದಾಗ ಮುಗೀತದ ಅಂತ ಎರಡೇ ಸೀರಿ ತಂದಿದ್ದೆ. ಈ ಸಲ ಒಂದೀಟು ದಾರಿ ಕಂಡಿತ್ತು. ನೀ ಬಂದು ಸೂಜಿ ಚುಚ್ಚಿ ಕೆಡಿಸಿದಿ."

"ತಪ್ಪಾತ್ರಿ ಅಕ್ಕಾ," ಎಂದೆ.

"ಇರ್ಲಿ. ಕೆಮ್ಮು ಸ್ವಲ್ಪ ಉಳದದ, ಅದಕ್ಕ ಔಷಧ ಕೊಡು," ಎಂದು ಬೆಂಚಿನ ಮೇಲೆ ಕೂತರು. ನನ್ನನ್ನು ಮುಟ್ಟಿದರೆ ಮೈಲಿಗೆಯಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ದಿನಾ ಗಂಗಿಗೆ ಹೋಗೂದು ಅದನ ಅದ. ನಿನ್ನ ಮುಟ್ಟಿದ್ದೂ ಅದೇ ಮುಳುಗಿನ್ಯಾಗ ಹೋಗ್ತದ" ಎಂದಿದ್ದರು. ಅಂದಿನಿಂದ ಅವರು ನನಗೆ ತೀರಾ ಬೇಕಾದವರಾದರು.

ಸಾಯಲು ಬಂದವರು ಔಷಧ ಕೇಳುವುದೇಕೆ ಎಂದು ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ಆಮೇಲೆ ತಿಳಿಯಿತು. ಅವರಿಗೆ ಸಾವಿನ ಭಯ ಇರಲಿಲ್ಲ, ಮೆಟ್ಟಿಲಿನ ಭಯ ಇತ್ತು. ಅವರಿದ್ದ ಛತ್ರ ಮೂರು ಅಂತಸ್ತಿನ ಹಳೆಯ ಕಟ್ಟಡ. ಮೆಟ್ಟಿಲು ಕಡಿದಾಗಿ, ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಹತ್ತಬೇಕಾದಷ್ಟು ಇಕ್ಕಟ್ಟಾಗಿ, ನಡುವೆ ಒಂದು ತಿರುವು ತೆಗೆದುಕೊಂಡು ಇಳಿಯುತ್ತಿತ್ತು. ಮೇಲಿನ ಕೋಣೆಯಲ್ಲಿ ಸತ್ತವರ ಚಟ್ಟ ಆ ತಿರುವಿನಲ್ಲಿ ತಿರುಗುತ್ತಿರಲಿಲ್ಲ. ಹೆಣವನ್ನು ಬಟ್ಟೆಯಲ್ಲಿ ಕಟ್ಟಿ, ನೆಟ್ಟಗೆ ನಿಲ್ಲಿಸಿ, ಎಳೆದು ತಿರುಗಿಸಿ ಇಳಿಸಬೇಕಿತ್ತು. ಪ್ರತಿ ಸಲವೂ ತಲೆ ಗೋಡೆಗೆ ಬಡಿದು ಅಲ್ಲಿ ಗಾರೆ ಉದುರಿಹೋಗಿತ್ತು.

"ಬದುಕಿದ್ದಾಗ ಹಣಿ ಹಣಿ ಬಡ್ಕೊಂಡಿದ್ದು ಸಾಲದೇನು?" ಎನ್ನುತ್ತಿದ್ದರು ತುಂಗಕ್ಕ. "ಸತ್ತ ಮ್ಯಾಲೂ ಬಡ್ಕೊಳ್ಳೂದದೇನು?"

ಇದಕ್ಕೆ ಒಂದೇ ಪರಿಹಾರವಿತ್ತು, ಬಾಗಿಲ ಕೋಣೆ. ನೆಲ ಅಂತಸ್ತಿನಲ್ಲಿದ್ದ ಆ ಕೋಣೆಯ ಬಾಗಿಲು ನೇರ ಕೇದಾರ ಘಾಟಿನ ಗಲ್ಲಿಗೆ ತೆರೆಯುತ್ತಿತ್ತು. ಅಲ್ಲಿ ಸತ್ತವರು ಮಲಗಿದಂತೆಯೇ ಹೊರಡಬಹುದಿತ್ತು. ಎಲ್ಲರಿಗೂ ಅದೇ ಬೇಕು. ಅದಕ್ಕೆ ಛತ್ರದ ಮ್ಯಾನೇಜರ್ ಭೀಮಾಚಾರ್ ಒಂದು ನಿಯಮ ಮಾಡಿದ್ದರು: ಮೂರು ತಿಂಗಳೊಳಗೆ ಸಾಯುವರೆಂದು ಡಾಕ್ಟರ ಚೀಟಿ ತಂದವರಿಗೇ ಆ ಕೋಣೆ. ಮೂರು ತಿಂಗಳು ದಾಟಿ ಬದುಕಿದ್ದರೆ ಗಂಟುಮೂಟೆ ಕಟ್ಟಿ ಮೇಲಕ್ಕೆ.

ನಾನು ಹೋದ ಎರಡನೆಯ ವರ್ಷ ಆ ಕೋಣೆ ಖಾಲಿಯಾಯಿತು. ಮಾರನೆಯ ಬೆಳಗ್ಗೆಯೇ ತುಂಗಕ್ಕ ಬಂದು, "ಚೀಟಿ ಬರೀವಾ" ಎಂದರು. ಅವರ ಎದೆಬಡಿತ ಆಗಾಗ ತಪ್ಪುತ್ತಿದ್ದುದು ನಿಜ. ಆದರೆ ಮೂರು ತಿಂಗಳು ಎಂಬುದು ಶುದ್ಧ ಸುಳ್ಳು. ಮೆಟ್ಟಿಲು ಹತ್ತಿ ಅವರ ಮೊಣಕಾಲು ಸೋರೆಕಾಯಿಯಾಗಿದ್ದನ್ನು ನೋಡಿದೆ. ದೇವರೇ, ಇದೊಂದನ್ನು ಕ್ಷಮಿಸು ಎಂದು ಮನಸ್ಸಿನಲ್ಲೇ ಹೇಳಿ ಬರೆದುಕೊಟ್ಟೆ. ಘೋಷಾಲ್ ಬಾಬು ಸಹಿ ಹಾಕಿದರು.

ಮಧ್ಯಾಹ್ನ ಪುಟ್ಟಮ್ಮ ಬಂದರು. ಮೈಸೂರು ಕಡೆಯ ಹೆಂಗಸು. ತುಂಗಕ್ಕನ ಪಕ್ಕದ ಕೋಣೆ, ಒಂಬತ್ತು ವರ್ಷದಿಂದ ಇಬ್ಬರದೂ ಒಂದೇ ಒಲೆ. ಬಂದವರೇ ಸೀರೆಯನ್ನು ಗೇಣು ಎತ್ತಿ ಪಾದ ತೋರಿಸಿದರು.

"ನೋಡು ನರ್ಸಮ್ಮ, ಹೇಗೆ ಊದ್ಕೊಂಡಿದೆ. ನಾನಿನ್ನು ಹೆಚ್ಚು ದಿನ ಇಲ್ಲ. ತುಂಗಕ್ಕಂಗೆ ಬರ್ಕೊಟ್ಟಿದೀಯಂತೆ. ಅವ್ರಿಗೇನಮ್ಮ, ಗುಂಡುಕಲ್ಲಿನ ಹಾಗಿದಾರೆ. ಸಾಯೋದ್ರಲ್ಲೂ ಪಕ್ಷಪಾತ ಮಾಡ್ಬಾರ್ದು ನೀನು." ಹೇಳುತ್ತ ಹೇಳುತ್ತ ಅತ್ತೇಬಿಟ್ಟರು. ನನಗೆ ಅಳುವವರ ಎದುರು ಬುದ್ಧಿ ಓಡುವುದಿಲ್ಲ. ಅವರಿಗೂ ಬರೆದುಕೊಟ್ಟೆ.

ಸಂಜೆ ಭೀಮಾಚಾರ್ ಎರಡೂ ಚೀಟಿ ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು. "ಏನ್ರಿ ಇದು ನರ್ಸಬಾಯಿ? ಇಬ್ಬರಿಗೂ ಮೂರು ತಿಂಗಳು. ಯಾರು ಮೊದಲು ಅಂತ ನಾ ಹ್ಯಾಂಗ ತಿಳ್ಕೋಬೇಕು? ನಂಬರ್ ಹಾಕಿಕೊಡ್ರಿ." ನಾನು ನಂಬರ್ ಹಾಕಲಿಲ್ಲ. ಒಂದೇ ಒಲೆಯ ಇಬ್ಬರು ಹೆಂಗಸರು ಆ ದಿನದಿಂದ ಎರಡು ಒಲೆ ಹಚ್ಚಿದರು. ಒಬ್ಬರು ಘಾಟಿಗೆ ಹೊರಟರೆ ಇನ್ನೊಬ್ಬರು ಕದ ಮುಚ್ಚಿಕೊಳ್ಳುವರು. ಪೈಪೋಟಿಯ ಮೇಲೆ ಕಾಯಿಲೆ ಬೀಳತೊಡಗಿದರು. ತುಂಗಕ್ಕ ಒಂದು ಹೊತ್ತು ಊಟ ಬಿಟ್ಟರೆ ಪುಟ್ಟಮ್ಮ ಎರಡು ಹೊತ್ತು. ತುಂಗಕ್ಕ ನರಳಿದ್ದು ಕೇಳಿದರೆ ಪುಟ್ಟಮ್ಮ ಗೋಡೆಯ ಆಚೆಯಿಂದ ಒಂದು ಸುತ್ತು ಮೇಲಿನ ದನಿಯಲ್ಲಿ ನರಳುತ್ತಿದ್ದರು. ಹೀಗೇ ಹೋದರೆ ನನ್ನ ಸುಳ್ಳು ಚೀಟಿ ಇಬ್ಬರ ಮಟ್ಟಿಗೂ ನಿಜವಾಗುತ್ತದೆ ಎಂದು ಹೆದರಿದೆ.

ಆಗಲೇ ನಮ್ಮ ಸಾಹೇಬರು ತಪಾಸಣೆಗೆ ಬಂದದ್ದು. ಪರದೇಶದ ಸಜ್ಜನರು, ಯುದ್ಧ ನಡೆದ ದೇಶಗಳಲ್ಲೆಲ್ಲ ಓಡಾಡಿದವರು. ನಮ್ಮೊಳಗೆ ಅವರನ್ನು ಶಾಂತಿ ಸಾಹೇಬರು ಎನ್ನುತ್ತಿದ್ದೆವು. ಮೂರು ತಿಂಗಳಿಗೊಮ್ಮೆ ಅವರಿಗೆ ಒಂದು ಫಾರಂ ತುಂಬಿ ಕಳಿಸಬೇಕಿತ್ತು. ಅದರಲ್ಲಿ 'ಬಗೆಹರಿಸಿದ ಜಗಳಗಳು' ಎಂಬ ಅಂಕಣವನ್ನು ನಾನು ಯಾವಾಗಲೂ ಖಾಲಿ ಬಿಡುತ್ತಿದ್ದೆ. ಕಂಟೋನ್ಮೆಂಟಿನ ಹೋಟೆಲಿನಿಂದ ರಿಕ್ಷಾದಲ್ಲಿ ಬಂದವರಿಗೆ ದವಾಖಾನೆಯ ಬಾಗಿಲಲ್ಲಿ ಒಂದು ಗೂಳಿ ಅಡ್ಡ ಮಲಗಿತ್ತು. ಊರವರು ಅದರ ಬಾಲ ದಾಟಿ ಒಳಗೆ ಬರುತ್ತಾರೆ. ಸಾಹೇಬರು ಟೋಪಿ ತೆಗೆದು, ಅದಕ್ಕೆ ತೊಂದರೆಯಾಗದಂತೆ, ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತರು. ಗೂಳಿ ತಾನಾಗಿ ಎದ್ದು ಹೋದ ಮೇಲೆ ಒಳಗೆ ಬಂದು, "ನೋಡಿದಿರಾ ಸಿಸ್ಟರ್, ತಾಳ್ಮೆ" ಎಂದರು.

ಜಗಳದ ಸಂಗತಿ ಕೇಳಿ ಅವರ ಮುಖ ಅರಳಿತು. ತರಬೇತಿಯಲ್ಲಿ ಕಲಿಸಿದ ಮೂರು ಹಂತದ ಸಂಧಾನವನ್ನು ತಾವೇ ನಡೆಸುತ್ತೇನೆ ಎಂದರು. ಎದುರಾಳಿಗಳನ್ನು ಎದುರುಬದುರು ಕೂರಿಸುವುದು ಮೊದಲನೆಯ ಹಂತ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಬಾಯಿಂದ ಹೇಳುವುದು ಎರಡನೆಯದು. ಇಬ್ಬರೂ ಏನಾದರೊಂದನ್ನು ಬಿಟ್ಟುಕೊಡುವುದು ಮೂರನೆಯದು. ಛತ್ರದ ಅಂಗಳದಲ್ಲಿ ಚಾಪೆ ಹಾಸಿದೆವು. ನಾನು ದುಭಾಷಿ. ಭೀಮಾಚಾರ್ ಕಂಬಕ್ಕೆ ಒರಗಿ ನಿಂತರು.

ಸಾಹೇಬರು ಪುಟ್ಟಮ್ಮನನ್ನು ಕೇಳಿದರು: ತುಂಗಕ್ಕ ಏನು ಹೇಳುತ್ತಾರೆ?

"ತಾನೇ ಮೊದಲು ಸಾಯ್ತೀನಿ ಅಂತಾರೆ. ಹೋದ ಏಕಾದಶಿಯಿಂದ ಹೇಳ್ತಾನೇ ಇದಾರೆ. ಎಲ್ಲಿ ಸತ್ರು?"

ತುಂಗಕ್ಕನನ್ನು ಕೇಳಿದರು: ಪುಟ್ಟಮ್ಮ ಏನು ಹೇಳುತ್ತಾರೆ?

"ಆಕಿನೂ ಸಾಯ್ತೀನಿ ಅಂತಾಳ. ಆಕಿ ಮಾತು ಯಾರು ನಂಬ್ತಾರ? ಹಾಲು ತರ್ತೀನಿ ಅಂತ ಹೋಗಿ ಪುರಾಣ ಕೇಳಿಕೋತ ಕೂಡೂ ಹೆಣ್ಮಗಳು."

ನಾನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರು ಗಂಭೀರವಾಗಿ ಬರೆದುಕೊಂಡು, ಇನ್ನು ಬಿಟ್ಟುಕೊಡುವುದು ಎಂದರು. ಕೊನೆಗೆ ಪುಟ್ಟಮ್ಮ, "ಆಯ್ತು, ದೊಡ್ಡವರು ಕೇಳ್ತಿದಾರೆ. ನಾನು ಒಂದು ತಿಂಗಳು ತಡವಾಗಿ ಸಾಯ್ತೀನಿ" ಎಂದರು. "ಅಷ್ಟು ಉಪಕಾರ ನಂಗ ಬ್ಯಾಡ," ಎಂದರು ತುಂಗಕ್ಕ, "ನಾ ಎರಡು ತಿಂಗಳು ತಡಾ ಮಾಡ್ತೀನಿ." ಪುಟ್ಟಮ್ಮ ನಾಲ್ಕು ತಿಂಗಳೆಂದರು. ಇಬ್ಬರೂ ಸೋಲದೆ ಏರಿಸುತ್ತ ಹೋಗಿ ಮುಂದಿನ ದೀಪಾವಳಿ ದಾಟಿದರು. ಆಗ ಭೀಮಾಚಾರ್ ಕಂಬ ಬಿಟ್ಟು ಮುಂದೆ ಬಂದರು: "ಹಂಗಾರ ಇಬ್ಬರ ಚೀಟೀನೂ ರದ್ದು."

ಇಬ್ಬರೂ ಒಟ್ಟಿಗೆ ಅವರ ಮೇಲೆ ಬಿದ್ದರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರು ಒಂದೇ ಮಾತು ಆಡಿದ್ದು. ಸಾಹೇಬರಿಗೆ ಅರ್ಥವಾಗದಿದ್ದರೂ ಒಗ್ಗಟ್ಟು ಕಂಡಿತು. ಎದ್ದು ನಿಂತು, ಇಬ್ಬರೂ ಆ ಕೋಣೆಯಲ್ಲೇ ಇರಲಿ ಎಂದುಬಿಟ್ಟರು. ಮೇಲಿನ ಎರಡು ಕೋಣೆ ಯಾತ್ರಿಕರಿಗೆ ಸಿಗುತ್ತವೆಂದು ಭೀಮಾಚಾರ್ ತಕ್ಷಣ ಒಪ್ಪಿದರು. ಒಂದು ಮಂಚದ ಕೋಣೆಗೆ ಇಬ್ಬರು ಇಳಿದರು. ನಡುವೆ ಸುಣ್ಣದ ಗೆರೆ. ಬಾಗಿಲ ಕಡೆ ಯಾರು ಮಲಗುವುದು ಎಂದು ಹೊಸ ಜಗಳ ಹುಟ್ಟಿತು. ದಿನ ಬಿಟ್ಟು ದಿನ ಎಂದು ಮುಗಿಯಿತು.

ಮೂರು ತಿಂಗಳು ಕಳೆದವು. ಯಾರೂ ಸಾಯಲಿಲ್ಲ. ಭೀಮಾಚಾರ್ ಬಂದು ಬಾಗಿಲಲ್ಲಿ ಕೆಮ್ಮಿದರು. ನಾನು ಹೊಸ ಚೀಟಿ ಬರೆದೆ. ಮತ್ತೆ ಮೂರು ತಿಂಗಳು, ಮತ್ತೆ ಚೀಟಿ. ಹೀಗೆ ಒಂದು ವರ್ಷ ಅವರ ಸಾವನ್ನು ಮುಂದೂಡುತ್ತ ಹೋದೆ. ಅಷ್ಟರಲ್ಲಿ ಎರಡು ಒಲೆ ಮತ್ತೆ ಒಂದಾಗಿತ್ತು. ತುಂಗಕ್ಕನಿಗೆ ಎದೆ ಹಿಡಿದರೆ ಪುಟ್ಟಮ್ಮ ಗೆರೆ ದಾಟಿ ಹೋಗಿ ಬೆನ್ನು ನೀವಿ, ಹಿಂದಿರುಗಿ ಬೈಯುತ್ತಿದ್ದರು. ಚಹಾ ಹೊತ್ತಿಗೆ ನಾನು ಹೋದರೆ ಗೆರೆಯ ಮೇಲೆ ನನಗೆ ಮಣೆ ಹಾಕುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ನಕ್ಕ ವರ್ಷ ಇನ್ನೊಂದಿಲ್ಲ.

ಇನ್ನು ಹೇಳುವುದು ನನ್ನ ಎರಡನೆಯ ತಪ್ಪು. ಇದನ್ನು ಬರೆಯಲೆಂದೇ ಕೂತಿದ್ದೇನೆ. ಆ ಚಳಿಗಾಲ ನಮ್ಮ ಸಂಸ್ಥೆಯವರಿಗೆ ಮೂರು ದಿನದ ಧ್ಯಾನಕೂಟ ನಡೆಯಿತು. ಸತ್ಯದ ಮೇಲೆ ಪ್ರವಚನ. ಪ್ರತಿಯೊಂದು ಮಾತೂ ನನ್ನ ಚೀಟಿಗೆ ಬೆರಳು ತೋರಿಸಿದಂತೆ ಕೇಳಿಸಿತು. ದೇವರ ಹೆಸರಿನಲ್ಲಿ ಸೇವೆಗೆ ಬಂದವಳು ವರ್ಷವಿಡೀ ಸುಳ್ಳು ಬರೆದಿದ್ದೆ. ಅತ್ತೆ, ಪಶ್ಚಾತ್ತಾಪಪಟ್ಟೆ. ತಿರುಗಿ ಬಂದವಳೇ ಇಬ್ಬರನ್ನೂ ಸರಿಯಾಗಿ ಪರೀಕ್ಷೆ ಮಾಡಿ ಎಂದು ಘೋಷಾಲ್ ಬಾಬುವನ್ನು ಹಿಡಿದು ಕೂರಿಸಿದೆ. ಅವರು ಮೀನು ಮರೆತು ಒಂದು ಗಂಟೆ ನೋಡಿದರು. ತುಂಗಕ್ಕನ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು, ಮೂರು ತಿಂಗಳು ದಾಟುವುದು ಕಷ್ಟ. ಪುಟ್ಟಮ್ಮನಿಗೆ ಏನೂ ಇಲ್ಲ, ಇನ್ನೂ ಹದಿನೈದು ವರ್ಷ ಗಟ್ಟಿ. ಹಾಗೆಯೇ ಬರೆದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಪುಟ್ಟಮ್ಮ ಚೀಟಿ ಓದಿಸಿಕೊಂಡು ನನಗೇ ವಾಪಸು ಕೊಟ್ಟರು. "ಹದಿನೈದು ವರ್ಷ ಏನಮ್ಮ ಮಾಡ್ಲಿ ನಾನು?" ಎಂದರು. ಆ ಸಂಜೆಯೇ ಹಾಸಿಗೆ ಸುತ್ತಿಕೊಂಡು ಮೇಲಕ್ಕೆ ಹತ್ತಿದರು.

ಒಂಬತ್ತನೆಯ ದಿನ ಮಧ್ಯಾಹ್ನ, ಉಂಡು ಮಲಗಿದವರು ಏಳಲಿಲ್ಲ. ಮೇಲಿನ ಕೋಣೆಯಲ್ಲಿ.

ಸುದ್ದಿ ಬಂದಾಗ ನಾನು ಸಿರಿಂಜು ಕುದಿಸುತ್ತಿದ್ದೆ. ಸ್ಟೋವು ಆರಿಸದೆ ಓಡಿದೆ. ಚಟ್ಟ ಗಲ್ಲಿಯಲ್ಲಿ ಕಾಯುತ್ತಿತ್ತು. ಹೊರುವವರು ಪುಟ್ಟಮ್ಮನನ್ನು ಬಟ್ಟೆಯಲ್ಲಿ ಕಟ್ಟಿ ಮೆಟ್ಟಿಲಿಗೆ ತಂದಿದ್ದರು. ಒಂದು ವರ್ಷದಿಂದ ಮೆಟ್ಟಿಲು ಮುಟ್ಟದ ತುಂಗಕ್ಕ ಗೋಡೆಗೆ ಕಟ್ಟಿದ್ದ ಹಗ್ಗ ಹಿಡಿದು ಹತ್ತುತ್ತಿದ್ದರು. ಬೇಡವೆಂದು ಸೆರಗು ಹಿಡಿದೆ, ಕೊಡವಿಕೊಂಡರು. ತಿರುವಿನಲ್ಲಿ ಗಾರೆ ಉದುರಿದ ಮೂಲೆಗೆ ಹೋಗಿ ನಿಂತು, ಗೋಡೆಗೂ ಪುಟ್ಟಮ್ಮನ ತಲೆಗೂ ನಡುವೆ ತಮ್ಮ ಅಂಗೈ ಇಟ್ಟರು.

"ಆಹಿಸ್ತಾ, ಬೇಟಾ," ಮೆಲ್ಲಗೆ ಮಗಾ, ಎಂದು ಹೊರುವವರಿಗೆ ಹಿಂದಿಯಲ್ಲಿ ಹೇಳಿದರು. ಆಮೇಲೆ ಕನ್ನಡದಲ್ಲಿ, ಪುಟ್ಟಮ್ಮನಿಗೆ: "ಗ್ವಾಡಿ ಅದ ನೋಡು. ನಾ ಹಿಡದೇನಿ. ಬಾ."

ತಲೆ ಬಡಿಯಲಿಲ್ಲ. ಕೆಳಗೆ ಬಂದ ಮೇಲೆ ಹೊರುವವರು ಮುಂಬಾಗಿಲಿಗೆ ತಿರುಗಿದರೆ ತುಂಗಕ್ಕ ಅಡ್ಡ ನಿಂತರು. ಬಾಗಿಲ ಕೋಣೆಯಲ್ಲಿ ಒಂದು ಗಳಿಗೆ ಮಲಗಿಸಿ, ಆ ಬಾಗಿಲಿಂದಲೇ ಕಳಿಸಬೇಕು. ಭೀಮಾಚಾರ್ ನಿಯಮ ಎಂದರು. ಪುಟ್ಟಮ್ಮನ ಹತ್ತಿರ ಚೀಟಿ ಇರಲಿಲ್ಲವಲ್ಲ. ತುಂಗಕ್ಕ ಸೊಂಟದ ಗಂಟಿನಿಂದ ತಮ್ಮ ಚೀಟಿ ತೆಗೆದು ಅವರ ಮುಖದ ಮುಂದೆ ಹಿಡಿದರು. "ಇದು ನಡೀತದ. ಇವತ್ತು ಬಾಗಲ ಕಡೆ ಮಲಗೂದು ಆಕಿ ಪಾಳಿ." ಭೀಮಾಚಾರ್ ದಾರಿ ಬಿಟ್ಟರು. ಅವರ ಕಣ್ಣೂ ಒದ್ದೆಯಾಗಿದ್ದನ್ನು ನೋಡಿದೆ.

ತುಂಗಕ್ಕನ ಕೈಯ ಹಿಂಬದಿ ತರಚಿ ರಕ್ತ ಬಂದಿತ್ತು. ತೊಳೆದು ಪಟ್ಟಿ ಕಟ್ಟಿದೆ. ಆ ದಿನ ನನ್ನ ಕೈಲಾದ ಸೇವೆ ಅಷ್ಟೇ. ಕಟ್ಟುತ್ತ, "ನಾ ಈ ಸಲಾನೂ ಸುಳ್ಳು ಬರದಿದ್ರ ಅವರು ಇಲ್ಲೇ ಇರ್ತಿದ್ರಲ್ರಿ ಅಕ್ಕಾ" ಎಂದು ಅತ್ತೆ.

"ನೀನೂ ಖರೇ ಬರದಿ, ಡಾಕ್ಟರೂ ಖರೇ ಹೇಳಿದ," ಎಂದರು. "ಆಕಿ ಯಾವತ್ತು ಯಾರ ಮಾತು ಕೇಳ್ಯಾಳ, ನಿಮ್ಮದು ಕೇಳ್ಲಿಕ್ಕೆ?" ಹಾಗೆಂದು ನಕ್ಕವರು ಪಟ್ಟಿ ಕಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡರು.

ಆ ತ್ರೈಮಾಸಿಕದ ಫಾರಂನಲ್ಲಿ ಮೊದಲ ಸಲ 'ಬಗೆಹರಿಸಿದ ಜಗಳಗಳು' ಅಂಕಣ ತುಂಬಿ 'ಒಂದು' ಎಂದು ಬರೆದೆ. ಸಾಹೇಬರಿಂದ ಅಭಿನಂದನೆಯ ಪತ್ರ ಬಂತು. ಬೇರೆ ದೇಶಗಳ ಶಿಬಿರಗಳಲ್ಲಿ ನನ್ನ ಉದಾಹರಣೆ ಹೇಳುತ್ತಿದ್ದಾರಂತೆ. ಅದನ್ನು ಓದಿ ಹರಿದು ಸ್ಟೋವಿಗೆ ಹಾಕಿದೆ.

ಮುಂದಿನ ವಾರ ತುಂಗಕ್ಕ ದವಾಖಾನೆಗೆ ಬಂದು, "ಒಂದು ಚೀಟಿ ಬರೀ. ನಾ ಸದ್ಯ ಸಾಯಂಗಿಲ್ಲ ಅಂತ" ಎಂದರು. ಬಾಗಿಲ ಕೋಣೆಯ ಸುಣ್ಣದ ಗೆರೆ ಒರೆಸಿದ ಮೇಲೆ ಅದು ವಿಪರೀತ ದೊಡ್ಡದಾಗಿದೆಯಂತೆ. ಮಾತಿಗೆ ಉತ್ತರ ಕೊಡುವವರಿಲ್ಲವಂತೆ. ಪುಟ್ಟಮ್ಮನ ಮೇಲಿನ ಕೋಣೆಗೆ ಹೋಗುತ್ತಾರಂತೆ. ಅವರ ಹೃದಯದ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಬರೆದೆ: ಈಕೆ ಸದ್ಯಕ್ಕೆ ಸಾಯುವುದಿಲ್ಲ. ಡಾಕ್ಟರ ಬದಲು ನಾನೇ ಸಹಿ ಹಾಕಿದೆ. ಆ ಚೀಟಿಯ ಮೇಲೆ ಅವರು ಮೂರು ವರ್ಷ ಆ ಮೆಟ್ಟಿಲು ಹತ್ತಿಳಿದರು. ನನಗೆ ಬೇರೆ ಊರಿಗೆ ವರ್ಗವಾದಾಗಲೂ ಇದ್ದರು.

ಹೊರಡುವ ದಿನ ಹಗ್ಗ ಹಿಡಿದು ಇಳಿದು ಬಂದು ನನ್ನ ಕೈಯಲ್ಲಿ ಒಂದು ಮಡಚಿದ ಕಾಗದ ಇಟ್ಟರು. ಸೊಂಟದ ಗಂಟಿನ ಆ ಹಳೆಯ ಚೀಟಿ. ಹೆಸರಿದ್ದ ಜಾಗವನ್ನು ಉಗುರಿನಿಂದ ಕೆರೆದು ಖಾಲಿ ಮಾಡಿದ್ದರು.

"ನಿನ್ನ ಹೆಸರು ಬರಕೋ," ಎಂದರು. "ವಯಸ್ಸಾದ ಮ್ಯಾಲೆ ಬಾ. ಭೀಮಾಚಾರಗ ಹೇಳೇನಿ, ಆಕಿ ನಮ್ಮಾಕಿ ಅಂತ."

"ಅಕ್ಕಾ, ನಾ ಕ್ರಿಸ್ತಾನದಾಕಿ. ನಂಗ ಆ ಖೋಲಿ ಕೊಡ್ತಾರೇನ್ರಿ?"

"ಯಾಕ ಕೊಡಂಗಿಲ್ಲ? ನಿನ್ನ ಕೈಯಾಗ ಚೀಟಿ ಅದ ಅಲ್ಲೇನು?"

ನನಗೀಗ ಎಪ್ಪತ್ತೆಂಟು. ಮನೆ ಮಹಡಿಯ ಮೇಲಿದೆ, ಹತ್ತುವಾಗ ಎರಡು ಸಲ ನಿಲ್ಲುತ್ತೇನೆ. ಆ ಚೀಟಿ ನನ್ನ ಬೈಬಲಿನೊಳಗಿದೆ. ಮೂರು ತಿಂಗಳು ಎಂದು ನನ್ನದೇ ಅಕ್ಷರ, ಕೆಳಗೆ ಘೋಷಾಲ್ ಬಾಬುವಿನ ಸಹಿ. ಹೆಸರು ಇನ್ನೂ ಬರೆದಿಲ್ಲ.